ಬೆಲ್ ಮೇಲೆ ನಿಮ್ಮ ಹೆಸರಿದೆಯಾ?

ಹೋದ ತಿಂಗಳು ಈ ಅಂಕಣದಲ್ಲಿ ಒಂದು ಮಾತು ಕೇಳಿದ್ದೆ. ಜರ್ಮನಿಗೆ ಬಂದು ಆನ್‌ಲೈನ್‌ನಲ್ಲಿ ಏನಾದರೂ ತರಿಸಿಕೊಳ್ಳಲು ಹೋಗಿ ಪೇಚಿಗೆ ಸಿಕ್ಕಿದ್ದರೆ ಬರೆಯಿರಿ ಅಂತ. ನಾಲ್ಕೈದು ಪತ್ರ ಬರಬಹುದು ಅಂದುಕೊಂಡಿದ್ದೆ, ಬಂದದ್ದು ಅದಕ್ಕಿಂತ ತುಂಬಾ ಜಾಸ್ತಿ. ಎಲ್ಲ ಓದಿದ ಮೇಲೆ ಅನ್ನಿಸಿದ್ದು ಇಷ್ಟು: ಆರ್ಡರ್ ಮಾಡುವ ತನಕ ಯಾರಿಗೂ ತೊಂದರೆಯಿಲ್ಲ, ಭಾಷೆ ಬರದಿದ್ದರೆ ಬ್ರೌಸರೇ ಅನುವಾದ ಮಾಡಿಕೊಡುತ್ತದೆ. ಪೇಚಾಟವೆಲ್ಲ ಆಮೇಲಿನದು. ಬಾಗಿಲಲ್ಲಿ, ಬ್ಯಾಂಕಿನಲ್ಲಿ, ಸುಂಕದ ಕಟ್ಟೆಯಲ್ಲಿ. ಒಂದೇ ಥರದ ಪತ್ರಗಳನ್ನು ಒಟ್ಟುಹಾಕಿ ಉತ್ತರಿಸಿದ್ದೇನೆ, ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಬಂದು ಎರಡು ತಿಂಗಳಾಯಿತು. ಮೂರು ಸಲ ಆರ್ಡರ್ ಮಾಡಿದೆ, ಎರಡು ಸಲ ಪಾರ್ಸೆಲ್ ವಾಪಸ್ ಹೋಯಿತು. ‘ಈ ವಿಳಾಸದಲ್ಲಿ ಇವರು ಇಲ್ಲ’ ಎಂದು ಸಂದೇಶ. ಅವತ್ತು ನಾನು ಮನೆಯಲ್ಲೇ ಕೂತಿದ್ದೆ! ಫ್ಲ್ಯಾಟ್ ನಂಬರ್, ಎಷ್ಟನೇ ಮಹಡಿ, ಯಾವ ಬೇಕರಿ ಪಕ್ಕ ಎಲ್ಲಾ ಬರೆದಿದ್ದೆ, ಫೋನ್ ನಂಬರೂ ಕೊಟ್ಟಿದ್ದೆ. (ಸ್ಟುಟ್‌ಗಾರ್ಟ್‌ನಿಂದ ಒಬ್ಬ ಎಂಜಿನಿಯರ್)

ಬೇಕರಿ ಪಕ್ಕ ಅಂತ ಬರೆದದ್ದು ಓದಿ ನಗು ಬಂತು, ಬೇಜಾರಾಗಬೇಡಿ. ನಾವೆಲ್ಲ ಅದನ್ನೇ ಮಾಡಿದವರು. ನಮ್ಮ ಕಡೆ ವಿಳಾಸ ಅಂದರೆ ಗಣಪತಿ ದೇವಸ್ಥಾನದ ಹಿಂದೆ, ನೀರಿನ ಟ್ಯಾಂಕ್ ಎದುರು. ಮಿಕ್ಕಿದ್ದನ್ನು ಡೆಲಿವರಿ ಹುಡುಗ ಫೋನ್ ಮಾಡಿ ಕೇಳಿಕೊಳ್ಳುತ್ತಾನೆ. ಇಲ್ಲಿ ಆ ಫೋನ್‌ಗೆ ಕಾಯಬೇಡಿ.

ಇಲ್ಲಿನ ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ನಂಬರೇ ಇರುವುದಿಲ್ಲ. ಹೆಸರು, ರಸ್ತೆ, ಕಟ್ಟಡದ ನಂಬರ್, ಐದು ಅಂಕಿಯ ಪಿನ್ ಕೋಡ್, ಊರು, ಅಷ್ಟೇ. ಒಂದು ಕಟ್ಟಡದಲ್ಲಿ ಇಪ್ಪತ್ತು ಮನೆ ಇರಲಿ, ಪಾರ್ಸೆಲ್ ತಂದವರು ನೋಡುವುದು ಕೆಳಗಿನ ಬಾಗಿಲಲ್ಲಿರುವ ಬೆಲ್ ಪಟ್ಟಿಯನ್ನು, ಪತ್ರ ತಂದವರು ನೋಡುವುದು ಟಪಾಲು ಡಬ್ಬಿಯ ಮೇಲಿನ ಹೆಸರನ್ನು. ಅಲ್ಲಿ ನಿಮ್ಮ ಹೆಸರಿಲ್ಲ ಅಂದರೆ ನೀವು ಆ ಮನೆಯಲ್ಲೇ ಇಲ್ಲ ಅಂತ ಲೆಕ್ಕ, ಒಳಗೆ ಸೋಫಾ ಮೇಲೆ ಕೂತಿದ್ದರೂ ಸರಿ. ಬರೀ ಪಾರ್ಸೆಲ್ ಮಾತಲ್ಲ ಇದು. ಬ್ಯಾಂಕ್ ಕಾರ್ಡು, ಅದರ ಪಿನ್, ತೆರಿಗೆ ನಂಬರು, ಎಲ್ಲಾ ಇಲ್ಲಿ ಪತ್ರದಲ್ಲೇ ಬರುತ್ತವೆ.

ಇನ್ನೊಂದು ಗೋಳಿದೆ, ಅದು ನಮ್ಮದೇ. ನಮ್ಮಲ್ಲಿ ಎಷ್ಟೋ ಜನಕ್ಕೆ ಸರ್‌ನೇಮ್ ಅನ್ನುವುದೇ ಇಲ್ಲ. ಹೆಸರಿನ ಹಿಂದೆ ಒಂದು ಇನಿಷಿಯಲ್, ಅದು ಅಪ್ಪನ ಹೆಸರೋ ಊರಿನ ಹೆಸರೋ. ಪಾಸ್‌ಪೋರ್ಟ್ ಮಾಡಿಸುವಾಗ ಆ ಜಾಗ ತುಂಬಲು ಅಪ್ಪನ ಹೆಸರನ್ನು ಬಿಡಿಸಿ ಬರೆಸಿರುತ್ತೇವೆ. ಇಲ್ಲಿನವರು ಬೆಲ್ ಮೇಲೆ ಹಾಕುವುದು ಆ ಕೊನೆಯ ಹೆಸರನ್ನು ಮಾತ್ರ. ಹೀಗಾಗಿ ಬೆಲ್ ಮೇಲೆ ನಿಮ್ಮ ತಂದೆ, ಪಾರ್ಸೆಲ್ ಮೇಲೆ ನೀವು! ನಾನು ಮೊದಲ ವರ್ಷ ಒಬ್ಬ ಅಜ್ಜಿಯ ಮನೆಯಲ್ಲಿ ಒಂದು ಕೋಣೆ ಹಿಡಿದಿದ್ದೆ, ಬೆಲ್ ಮೇಲೆ ಅಜ್ಜಿಯ ಹೆಸರು ಮಾತ್ರ ಇತ್ತು. ತರಿಸಿದ ಕುಕ್ಕರ್ ಎರಡು ಸಲ ಬಂದು ಎರಡು ಸಲವೂ ಹಿಂದಕ್ಕೆ ಹೋಯಿತು, ಮೂರನೇ ಸಲ ಅಜ್ಜಿಯೇ ನನ್ನ ಹೆಸರನ್ನು ಚೀಟಿಯಲ್ಲಿ ಬರೆದು, ಅದರಲ್ಲೂ ಎರಡು ಅಕ್ಷರ ತಪ್ಪು ಬರೆದು, ಟೇಪ್ ಹಚ್ಚಿ ಅಂಟಿಸಿದರು. ಆಮೇಲೆ ಕುಕ್ಕರ್ ಬಂತು.

ನೀವು ಇಷ್ಟು ಮಾಡಿ. ಪಾಸ್‌ಪೋರ್ಟಿನಲ್ಲಿರುವ ಎರಡು ಹೆಸರನ್ನೂ ಬೆಲ್ ಮೇಲೂ ಡಬ್ಬಿಯ ಮೇಲೂ ಹಾಕಿಸಿ. ಕಟ್ಟಡ ನೋಡಿಕೊಳ್ಳುವವರಿಗೆ ಹೇಳಿದರೆ ಹಾಕಿಕೊಡುತ್ತಾರೆ, ಅವರು ತಡ ಮಾಡಿದರೆ ಅಷ್ಟು ದಿನಕ್ಕೆ ಒಂದು ಚೀಟಿ ಅಂಟಿಸಿ. ಆರ್ಡರ್ ಮಾಡುವಾಗಲೂ ಅದೇ ಹೆಸರು, ಅದೇ ಸ್ಪೆಲ್ಲಿಂಗ್. ಬೇರೆಯವರ ಮನೆಯಲ್ಲಿ ಕೋಣೆ ಹಿಡಿದಿದ್ದರೆ ನಿಮ್ಮ ಹೆಸರಿನ ಕೆಳಗೆ ‘ಬೈ’ (bei) ಅಂತ ಬರೆದು ಮನೆಯವರ ಹೆಸರು ಹಾಕಿ, ನಮ್ಮ ಕೇರ್ ಆಫ್ ಇದ್ದ ಹಾಗೆ. ಹೆಸರು ಸರಿಯಿರಬೇಕಾದ ಇನ್ನೊಂದು ಕಡೆಯಿದೆ. ಪಾರ್ಸೆಲ್ ಅಂಚೆ ಕೌಂಟರಿಗೆ ಹೋಗಿಬಿಟ್ಟರೆ ಅಲ್ಲಿ ಗುರುತಿನ ಚೀಟಿ ತೋರಿಸಬೇಕು, ಚೀಟಿಯಲ್ಲೊಂದು ಹೆಸರು ಡಬ್ಬದ ಮೇಲೊಂದು ಹೆಸರು ಅಂದರೆ ಕೊಡುವುದಿಲ್ಲ. ಒಂದು ವಾರ ಇಟ್ಟುಕೊಂಡು ಕಳಿಸಿದವರಿಗೇ ವಾಪಸ್ ಮಾಡುತ್ತಾರೆ.

ಪ್ರಶ್ನೆ: ನಾನು ಇಡೀ ದಿನ ಕಾಲೇಜಿನಲ್ಲಿರುತ್ತೇನೆ. ಪಾರ್ಸೆಲ್ ಅನ್ನು ಯಾರೋ ಪಕ್ಕದ ಮನೆಯವರ ಕೈಗೆ ಕೊಟ್ಟು ಹೋಗುತ್ತಾರೆ. ಗುರುತಿಲ್ಲದವರ ಮನೆ ಬಾಗಿಲು ತಟ್ಟಲು ಮುಜುಗರ. (ಆಖೆನ್‌ನಿಂದ ಒಬ್ಬ ವಿದ್ಯಾರ್ಥಿ)

ಡಬ್ಬಿಯಲ್ಲಿ ಒಂದು ಚೀಟಿ ಬಿದ್ದಿರುತ್ತದಲ್ಲ, ಅದನ್ನು ಕೈಯಲ್ಲಿ ಹಿಡಿದು ಹೋಗಿ. ಅಪರಿಚಿತರ ಮನೆ ಬೆಲ್ ಒತ್ತಲು ಇಲ್ಲಿ ಅದಕ್ಕಿಂತ ಒಳ್ಳೆ ನೆಪ ಸಿಗುವುದಿಲ್ಲ. ನನಗೆ ಈ ಕಟ್ಟಡದಲ್ಲಿ ಪರಿಚಯವಾದ ಮೂರೂ ಮನೆಯವರು ಪಾರ್ಸೆಲ್ ನಂಟಸ್ತಿಕೆಯವರೇ.

ಅಷ್ಟಾದರೂ ಬೇಡ ಅಂದರೆ ಪಾಕ್‌ಸ್ಟೇಷನ್ ಇದೆ. ರೈಲ್ವೆ ನಿಲ್ದಾಣದ ಹತ್ತಿರ, ಸೂಪರ್‌ಮಾರ್ಕೆಟ್ ಪಕ್ಕ ನಿಂತಿರುವ ಹಳದಿ ಕಪಾಟು. ನೋಂದಣಿಗೆ ದುಡ್ಡಿಲ್ಲ. ನಿಮಗೊಂದು ಪೋಸ್ಟ್‌ನಂಬರ್ ಕೊಡುತ್ತಾರೆ, ವಿಳಾಸದಲ್ಲಿ ರಸ್ತೆಯ ಬದಲು ಆ ನಂಬರೂ ಕಪಾಟಿನ ನಂಬರೂ ಬರೆಯಬೇಕು. ರಾತ್ರಿ ಹನ್ನೊಂದಕ್ಕೆ ಹೋಗಿ ಫೋನಿನಲ್ಲೇ ಬಾಗಿಲು ತೆಗೆದುಕೊಳ್ಳಬಹುದು. ಆದರೆ ಅದು ಡಿಎಚ್‌ಎಲ್‌ನವರದ್ದು, ಬೇರೆ ಕೊರಿಯರ್‌ನವರು ಅದರೊಳಗೆ ಇಡುವಂತಿಲ್ಲ. ಆರ್ಡರ್ ಮಾಡುವ ಮೊದಲು ಅಂಗಡಿ ಯಾರ ಕೈಲಿ ಕಳಿಸುತ್ತದೆ ನೋಡಿಕೊಳ್ಳಿ.

ಪ್ರಶ್ನೆ: ನಮ್ಮ ಮಗ ಬರ್ಲಿನ್‌ನಾಗ ಇದ್ದಾನ. ದೀಪಾವಳಿಗೆ ಧಾರವಾಡ ಪೇಢೆ, ತುಪ್ಪ, ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿ, ಕರಿಬೇವು, ಅವನ ಥೈರಾಯ್ಡ್ ಗುಳಿಗಿ ಎಲ್ಲಾ ಒಂದ ಡಬ್ಬಿಯೊಳಗ ಹಾಕಿ ಅಂಚೆಯಿಂದ ಕಳಸಬೇಕಂತ ಮಾಡೇನಿ. ಆಗ್ತದೇನ್ರಿ? (ಹುಬ್ಬಳ್ಳಿಯಿಂದ ಒಬ್ಬ ತಾಯಿ)

ಅಮ್ಮಾ, ಚಟ್ನಿಪುಡಿ ಮತ್ತು ರೊಟ್ಟಿ ಧಾರಾಳವಾಗಿ ಕಳಿಸಿ. ಉಳಿದದ್ದರ ಬಗ್ಗೆ ಬರೆಯಲು ನನಗೇ ಸಂಕಟ.

ಯುರೋಪಿನ ಹೊರಗಿನಿಂದ ಬರುವ ಖಾಸಗಿ ಪಾರ್ಸೆಲ್‌ನಲ್ಲಿ ಮಾಂಸವೂ ಹಾಲಿನ ಪದಾರ್ಥಗಳೂ ನಿಷಿದ್ಧ. ದನಕರುಗಳ ರೋಗ ಗಡಿ ದಾಟಬಾರದು ಅಂತ ಈ ನಿಯಮ. ತುಪ್ಪ ಹಾಲಿನದು, ಪೇಢೆಯಂತೂ ಹಾಲೇ. ಸೂಟ್‌ಕೇಸಿನಲ್ಲಿ ತಂದರೂ ಇದೇ ಮಾತು. ಸಿಕ್ಕಿಬಿದ್ದರೆ ಎತ್ತಿಟ್ಟುಕೊಂಡು ನಾಶ ಮಾಡುತ್ತಾರೆ, ಪೇಢೆಯ ಗತಿ ಹಾಗಾಗುವುದು ಬೇಡ. ಹಸಿ ಕರಿಬೇವಿನದ್ದು ಬೇರೆ ಕತೆ. 2019ರ ಡಿಸೆಂಬರ್‌ನಿಂದ ಹಸಿ ಸೊಪ್ಪು, ತರಕಾರಿ, ಹಣ್ಣು, ಗಿಡಗಳಿಗೆ ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಬೇಕು. ಬಿಟ್ಟಿರುವುದು ಐದೇ ಐದು ಹಣ್ಣಿಗೆ: ತೆಂಗಿನಕಾಯಿ, ಬಾಳೆಹಣ್ಣು, ಅನಾನಸ್, ಖರ್ಜೂರ, ದುರಿಯನ್. ಮಾವಿನಹಣ್ಣು ಆ ಪಟ್ಟಿಯಲ್ಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ, ಮೇ ತಿಂಗಳಲ್ಲಿ ಇನ್ನೊಂದು ಪತ್ರ ಬರುವುದು ತಪ್ಪಲಿ. ಇನ್ನು ಮಾತ್ರೆ: ಯುರೋಪಿನ ಹೊರಗಿನಿಂದ ಅಂಚೆಯಲ್ಲಿ ಔಷಧಿ ತರಿಸಿಕೊಳ್ಳುವುದಕ್ಕೆ ಜರ್ಮನಿಯಲ್ಲಿ ಅನುಮತಿಯಿಲ್ಲ. ಥೈರಾಯ್ಡ್ ಮಾತ್ರೆಯನ್ನು ಇಲ್ಲಿನ ಡಾಕ್ಟರ್ ಬರೆದುಕೊಡುತ್ತಾರೆ. ಊರಿನ ಡಾಕ್ಟರ ಚೀಟಿಯ ಫೋಟೋ ಕಳಿಸಿದರೆ ಸಾಕು.

ಡಬ್ಬದ ಮೇಲಿನ ಫಾರಂ ತುಂಬುವಾಗ ‘ತಿಂಡಿ ಸಾಮಾನು’ ಅಂತ ಒಂದೇ ಮಾತಿನಲ್ಲಿ ಮುಗಿಸಬೇಡಿ. ಬಿಡಿಬಿಡಿಯಾಗಿ ಇಂಗ್ಲಿಷಿನಲ್ಲಿ ಬರೆಸಿ, ಎಷ್ಟು ಗ್ರಾಂ, ಎಷ್ಟು ಬೆಲೆ ಅಂತ. ಮನೆಯವರು ಮನೆಯವರಿಗೆ ದುಡ್ಡು ತೆಗೆದುಕೊಳ್ಳದೆ ಕಳಿಸುವ ಉಡುಗೊರೆಗೆ 45 ಯೂರೋ ತನಕ ಇಲ್ಲಿ ತೆರಿಗೆಯಿಲ್ಲ. ವಿವರ ಸಾಲದಿದ್ದರೆ ಮಗನಿಗೆ ಸುಂಕದ ಕಚೇರಿಯಿಂದ ಪತ್ರ ಹೋಗುತ್ತದೆ. ಅಲ್ಲಿಗೆ ಹೋಗಿ ಅಧಿಕಾರಿಯ ಎದುರಿಗೇ ಡಬ್ಬ ಬಿಚ್ಚಬೇಕು. ನನಗೂ ಒಮ್ಮೆ ಆಯಿತು. ಹುಳಿಪುಡಿ ಪ್ಯಾಕೆಟ್ ದಾರಿಯಲ್ಲಿ ಒಡೆದಿತ್ತು, ಡಬ್ಬ ಬಿಚ್ಚಿದ್ದೇ ತಡ ಇಡೀ ಕೋಣೆ ಘಮ್ಮೆಂದಿತು. ಅಧಿಕಾರಿ ಎರಡು ಸಲ ಸೀನಿ, ಸಾಕು ತೆಗೆದುಕೊಂಡು ಹೋಗಿ ಅಂದರು.

ಪ್ರಶ್ನೆ: ಬೆಂಗಳೂರಿನ ಒಂದು ಆನ್‌ಲೈನ್ ಅಂಗಡಿಯಿಂದ 120 ಯೂರೋ ಬೆಲೆಯ ಸೀರೆ ತರಿಸಬೇಕು. ‘ಗಿಫ್ಟ್ ಅಂತ ಬರೆದು ಕಳಿಸುತ್ತೇವೆ, ಟ್ಯಾಕ್ಸ್ ಬೀಳಲ್ಲ’ ಎನ್ನುತ್ತಾರೆ. ನಂಬಬಹುದಾ? (ಮ್ಯೂನಿಕ್)

ನಂಬಬೇಡಿ. ಕೊಂಡದ್ದು ಕೊಂಡದ್ದೇ, ಅಂಗಡಿಯವರು ನಿಮಗೆ ಯಾವ ಸಂಬಂಧಿ ಅಂತ ಗಿಫ್ಟ್ ಕೊಡುತ್ತಾರೆ? ಸುಳ್ಳು ಬೆಲೆ, ಸುಳ್ಳು ಕಾರಣ ಬರೆದದ್ದು ಗೊತ್ತಾದರೆ ಉತ್ತರ ಕೊಡಬೇಕಾದವರು ನೀವು.

ಮೊದಲು 22 ಯೂರೋ ತನಕದ ಸಾಮಾನಿಗೆ ತೆರಿಗೆ ಇರಲಿಲ್ಲ. 2021ರ ಜುಲೈ 1ರಿಂದ ಅದು ಹೋಯಿತು, ಈಗ ಮೊದಲ ಪೈಸೆಯಿಂದಲೇ ವ್ಯಾಟ್ ಇದೆ. ಸೀರೆಗೆ ಅದು ನೂರಕ್ಕೆ 19. ಬರೀ ಸೀರೆಯ ಬೆಲೆಗಲ್ಲ, ಸಾಗಣೆ ಖರ್ಚನ್ನೂ ಸೇರಿಸಿ. ಸೀರೆ 120, ಅಂಚೆ 25 ಅಂತಿಟ್ಟುಕೊಳ್ಳಿ, 145ಕ್ಕೆ 27.55 ಯೂರೋ. ಅದರ ಮೇಲೆ ಕೊರಿಯರ್‌ನವರು ನಿಮ್ಮ ಪರವಾಗಿ ತೆರಿಗೆ ಕಟ್ಟಿದ್ದಕ್ಕೆ ಅಂತ ಒಂದಷ್ಟು ಕೀಳುತ್ತಾರೆ. ಸಾಮಾನಿನ ಬೆಲೆ 150 ಯೂರೋ ದಾಟಿದರೆ ಕಸ್ಟಮ್ಸ್ ಸುಂಕವೂ ಸೇರುತ್ತದೆ. ಈ 150ರ ರಿಯಾಯಿತಿಯನ್ನೂ ತೆಗೆಯಲು ಯುರೋಪಿನ ಹಣಕಾಸು ಮಂತ್ರಿಗಳು 2025ರಲ್ಲಿ ಒಪ್ಪಿಕೊಂಡಿದ್ದಾರೆ, ಹಾಗಾಗಿ ಆರ್ಡರ್ ಮಾಡುವ ದಿನ ಏನು ನಿಯಮವಿದೆ ಅಂತ ಸುಂಕ ಇಲಾಖೆಯ ಪುಟದಲ್ಲಿ ಒಮ್ಮೆ ನೋಡಿಬಿಡಿ.

ನಾನಾದರೆ ಏನು ಮಾಡುತ್ತೇನೆ? ಸೀರೆಯನ್ನು ಅಕ್ಕನ ಮನೆಗೆ ತರಿಸಿ, ಊರಿಗೆ ಹೋದಾಗ ಉಟ್ಟುಕೊಂಡು ಒಂದು ಮದುವೆ ಮುಗಿಸಿಕೊಂಡು ತರುತ್ತೇನೆ. ವಿಮಾನದಲ್ಲಿ ಬರುವವರು ತಮ್ಮ ಬಳಕೆಗೆ ತರುವ ಸಾಮಾನಿಗೆ 430 ಯೂರೋ ತನಕ ಸುಂಕವಿಲ್ಲ.

ಪ್ರಶ್ನೆ: ನನ್ನ ಗೆಳತಿಗೆ ಸಾಮಾನು ಮೊದಲು ಬರುತ್ತದೆ, ದುಡ್ಡು ಆಮೇಲೆ ಕಟ್ಟುತ್ತಾಳೆ. ನಾನು ಅದನ್ನೇ ಒತ್ತಿದರೆ ಆಗುವುದಿಲ್ಲ ಅನ್ನುತ್ತದೆ. ಸಂಬಳ ಅವಳಿಗಿಂತ ನನಗೇ ಜಾಸ್ತಿ! (ಫ್ರಾಂಕ್‌ಫರ್ಟ್)

ಸಂಬಳದ ಪ್ರಶ್ನೆಯಲ್ಲ. ಇದು ಇಲ್ಲಿನವರ ಅಚ್ಚುಮೆಚ್ಚಿನ ಪದ್ಧತಿ, ‘ರೆಶ್ನುಂಗ್’ ಅನ್ನುತ್ತಾರೆ. ನಮ್ಮೂರ ಶೆಟ್ಟರ ಅಂಗಡಿಯ ಉದ್ದರಿ ಪುಸ್ತಕದ ಹಾಗೆ. ಶೆಟ್ಟರು ನಿಮ್ಮ ಮುಖ, ನಿಮ್ಮ ಅಪ್ಪನ ಮುಖ ನೋಡಿ ಕೊಡುತ್ತಿದ್ದರು, ಇಲ್ಲಿ ಯಾರು ಸಾಲ, ಬಿಲ್ಲು ಸರಿಯಾಗಿ ಕಟ್ಟುತ್ತಾರೆ ಅಂತ ಲೆಕ್ಕ ಇಡುವ ಶೂಫಾ ಅನ್ನುವ ಸಂಸ್ಥೆಯ ಕಡತ ನೋಡಿ ಕೊಡುತ್ತಾರೆ. ಹೊಸಬರ ಕಡತದಲ್ಲಿ ಏನೂ ಇರುವುದಿಲ್ಲ, ಕೆಟ್ಟದ್ದೂ ಇಲ್ಲ ಒಳ್ಳೆಯದೂ ಇಲ್ಲ. ಬ್ಯಾಂಕ್ ಖಾತೆ, ಫೋನ್ ಕನೆಕ್ಷನ್ ಸ್ವಲ್ಪ ಹಳೆಯದಾಗಲಿ, ತಾನಾಗಿ ಆಗುತ್ತದೆ. ಅಲ್ಲಿ ತನಕ ಕಾರ್ಡ್ ಇದೆ, ಇಲ್ಲವೆಂದರೆ ‘ಲಾಸ್ಟ್‌ಶ್ರಿಫ್ಟ್’ ಇದೆ, ಅಂದರೆ ಅಂಗಡಿಯೇ ನಿಮ್ಮ ಖಾತೆಯಿಂದ ದುಡ್ಡು ಎಳೆದುಕೊಳ್ಳುವುದು. ಕೇಳಲು ಭಯವಾಗುತ್ತದೆ, ಆದರೆ ಹಾಗೆ ಎಳೆದ ದುಡ್ಡನ್ನು 8 ವಾರದೊಳಗೆ ಕಾರಣ ಹೇಳದೆ ಬ್ಯಾಂಕಿನಿಂದ ವಾಪಸ್ ತರಿಸಿಕೊಳ್ಳಬಹುದು. ಆದರೆ ನಿಜವಾಗಿ ಕೊಡಬೇಕಾದ ದುಡ್ಡನ್ನು ಹಾಗೆ ವಾಪಸ್ ತರಿಸಿಕೊಳ್ಳಬೇಡಿ.

ಮುಂದೆ ಉದ್ದರಿ ಸಿಕ್ಕಾಗ ಒಂದು ಎಚ್ಚರ. ಕೊನೆಯ ದಿನ ಮರೆತರೆ ‘ಮಾನುಂಗ್’ ಅನ್ನುವ ಪತ್ರ ಬರುತ್ತದೆ, ಅದನ್ನೂ ಮರೆತರೆ ವಸೂಲಿ ಕಂಪನಿಯಿಂದ ಬರುತ್ತದೆ, ಅವರ ಖರ್ಚೂ ನಿಮ್ಮ ತಲೆಗೇ. ಸಾಮಾನು ವಾಪಸ್ ಮಾಡಿದ ಮೇಲೂ ನನಗೆ ಒಂದು ಅಂಗಡಿಯಿಂದ ಮಾನುಂಗ್ ಬಂದಿತ್ತು. ಅಂಚೆಯವರು ಕೊಟ್ಟ ಬೆರಳುದ್ದದ ರಸೀದಿಯನ್ನು ಸದ್ಯ ಪರ್ಸಿನಲ್ಲಿ ಇಟ್ಟಿದ್ದೆ, ಅದರ ಫೋಟೋ ಕಳಿಸಿದ ಮೇಲೆ ಸುಮ್ಮನಾದರು.

ಪ್ರಶ್ನೆ: ಬೂಟು ಬಿಗಿಯಾಗಿದೆ. ತಪ್ಪು ನನ್ನದೇ, ಅಳತೆ ಸರಿಯಾಗಿ ನೋಡಲಿಲ್ಲ. ವಾಪಸ್ ಮಾಡಲು ಒಂಥರಾ ಅನ್ನಿಸುತ್ತದೆ. (ನ್ಯೂರಂಬರ್ಗ್)

ಒಂಥರಾ ಅನ್ನಿಸುವುದೇನೂ ಬೇಡ, ಅದು ಕಾನೂನು ಕೊಟ್ಟ ಹಕ್ಕು. ಸಾಮಾನು ಕೈ ಸೇರಿದ 14 ದಿನದೊಳಗೆ ‘ಬೇಡ’ ಅಂತ ಬರೆದು ತಿಳಿಸಿ, ಕಾರಣ ಕೊಡಬೇಕಿಲ್ಲ. ಆಮೇಲೆ ಕಳಿಸಲು ಇನ್ನೂ 14 ದಿನ ಇದೆ. ಮೊದಲು ನೀವು ಕೊಟ್ಟಿದ್ದ ಮಾಮೂಲಿ ಸಾಗಣೆ ಖರ್ಚನ್ನೂ ಅವರು ಹಿಂದಿರುಗಿಸಬೇಕು, ವಾಪಸ್ ಕಳಿಸುವ ಖರ್ಚು ಮಾತ್ರ ನಿಮ್ಮ ಮೇಲೆ ಬೀಳಬಹುದು. ಬೂಟನ್ನು ಮನೆಯೊಳಗೆ ಹಾಕಿ ನೋಡಿ, ಟ್ರೆಕ್ಕಿಂಗ್ ಹೋಗಿ ಬಂದು ಬಿಗಿ ಅನ್ನಬೇಡಿ. ನಿಮ್ಮ ಅಳತೆಗೆ ಹೊಲಿಸಿದ ಬಟ್ಟೆ, ಬೇಗ ಕೆಡುವ ಸಾಮಾನು ಇಂಥವಕ್ಕೆ ಈ ಹಕ್ಕಿಲ್ಲ. ಹೊಸ ಸಾಮಾನು ಕೆಟ್ಟರೆ ಬೇರೆ ಲೆಕ್ಕ, ಎರಡು ವರ್ಷ ಅಂಗಡಿಯವರೇ ಹೊಣೆ. ಮೊದಲ ವರ್ಷವಂತೂ ‘ನೀವೇ ಕೆಡಿಸಿದ್ದು’ ಅಂತ ಸಾಬೀತು ಮಾಡುವ ಕೆಲಸ ಅವರದ್ದು, ನಿಮ್ಮದಲ್ಲ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಒಂದು ಕಿಲೋ ಜೀರಿಗೆ ತರಿಸಿದೆ. ಸಾರಿಗೆ ಹಾಕಿದರೆ ಏನೋ ಬೇರೆಯೇ ವಾಸನೆ. ಕೆಟ್ಟಿದೆಯಾ? (ಡ್ರೆಸ್ಡೆನ್)

ಕೆಟ್ಟಿಲ್ಲ, ಅದು ಜೀರಿಗೆಯೇ ಅಲ್ಲ. ‘ಕ್ಯುಮೆಲ್’ ಅಂತ ತರಿಸಿದ್ದೀರಿ ಅಲ್ವಾ? ಅದು ಇಲ್ಲಿನವರು ರೈ ಬ್ರೆಡ್ಡಿಗೆ, ಎಲೆಕೋಸಿಗೆ ಹಾಕುವ ಬೇರೆ ಕಾಳು, ನೋಡಲು ಮಾತ್ರ ಜೀರಿಗೆಯ ತಮ್ಮ. ನಮಗೆ ಬೇಕಾದ್ದು ‘ಕ್ರೊಯ್ಟ್ಸ್‌ಕ್ಯುಮೆಲ್’. ಒಂದು ಕಿಲೋ ಅಂದರೆ ಕಷ್ಟ ಸ್ವಾಮಿ, ಪಕ್ಕದ ಮನೆಯವರಿಗೆ ಕೊಟ್ಟುಬಿಡಿ. ರಾಗಿಗೆ ‘ಫಿಂಗರ್‌ಹಿರ್ಸೆ’ ಅಂತ ಹುಡುಕಿ, ಬರೀ ‘ಹಿರ್ಸೆ’ ಅಂದರೆ ಬೇರೆ ಸಿರಿಧಾನ್ಯ ಬರುತ್ತದೆ. ರವೆಯಲ್ಲಿ ಎರಡು ಥರ: ‘ವೈಷ್‌ವೈಟ್ಸೆನ್‌ಗ್ರೀಸ್’ ಮೆದು ಗೋಧಿಯದು, ‘ಹಾರ್ಟ್‌ವೈಟ್ಸೆನ್‌ಗ್ರೀಸ್’ ಪಾಸ್ತಾ ಮಾಡುವ ಗಟ್ಟಿ ಗೋಧಿಯದು. ಉಪ್ಪಿಟ್ಟು ಉದುರುದುರಾಗಿ ಬೇಕಾದರೆ ನನ್ನ ಓಟು ಎರಡನೆಯದಕ್ಕೆ. ಇನ್ನು ಇಂಗು! ಅದಕ್ಕೆ ಇಲ್ಲಿನವರ ಹಳೆಯ ಹೆಸರು ‘ಟಾಯ್ಫೆಲ್ಸ್‌ಡ್ರೆಕ್’, ಅಂದರೆ ದೆವ್ವದ ಹೊಲಸು. ನಮ್ಮ ತಿಳಿಸಾರಿಗೆ ಇದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ.

ಪ್ರಶ್ನೆ: ಮೈಸೂರಿನಲ್ಲಿರುವ ಅಪ್ಪ ಅಮ್ಮನಿಗೆ ಇಲ್ಲಿಂದಲೇ ಸಾಮಾನು ಆರ್ಡರ್ ಮಾಡುತ್ತಿದ್ದೆ. ಹೋದ ತಿಂಗಳಿಂದ ಓಟಿಪಿ ಬರುತ್ತಿಲ್ಲ. (ಹ್ಯಾಂಬರ್ಗ್)

ಮೊದಲು ನೋಡಬೇಕಾದ್ದು ಆ ಭಾರತದ ಸಿಮ್ ಇನ್ನೂ ಬದುಕಿದೆಯಾ ಅಂತ. ಪ್ರಿಪೇಯ್ಡ್ ಸಿಮ್ಮನ್ನು 90 ದಿನ ಒಂದಕ್ಕೂ ಬಳಸದಿದ್ದರೆ, ಖಾತೆಯಲ್ಲಿ 20 ರೂಪಾಯಿಯಾದರೂ ಇಲ್ಲದಿದ್ದರೆ, ಸಂಪರ್ಕ ಕಡಿಯುತ್ತಾರೆ. ಆಮೇಲೆ ಆ ನಂಬರ್ ಇನ್ನೊಬ್ಬರ ಕೈಗೆ ಹೋಗುತ್ತದೆ. ನಿಮ್ಮ ಬ್ಯಾಂಕಿನ ಓಟಿಪಿ ಯಾರದೋ ಜೇಬಿನಲ್ಲಿ ಟಿಣ್ ಅನ್ನುವುದನ್ನು ಊಹಿಸಿಕೊಳ್ಳಿ! ಇವತ್ತೇ ಬ್ಯಾಂಕಿಗೆ ತಿಳಿಸಿ. ಅದೇ ಫೋನಿನಲ್ಲಿ ಇನ್ನೊಂದು ವಿಷಯವನ್ನೂ ಕೇಳಿ. ಹೊರದೇಶದಲ್ಲಿ ನೆಲೆಸಿದ ಮೇಲೆ ಊರಿನ ಮಾಮೂಲಿ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ, ಅಂದರೆ ಅನಿವಾಸಿಗಳ ಖಾತೆಯಾಗಿ ಬದಲಿಸಬೇಕು, ಎಷ್ಟೋ ಜನ ವರ್ಷಗಟ್ಟಲೆ ಮಾಡಿರುವುದಿಲ್ಲ. ಹೊರದೇಶದ ಮೊಬೈಲ್ ನಂಬರಿಗೂ ಯುಪಿಐ ಕೊಡುವ ವ್ಯವಸ್ಥೆ 2023ರಲ್ಲಿ ಶುರುವಾಯಿತು, ಆದರೆ ಮೊದಲ 10 ದೇಶಗಳ ಪಟ್ಟಿಯಲ್ಲಿ ಜರ್ಮನಿ ಇರಲಿಲ್ಲ.

ಅಪ್ಪ ಅಮ್ಮನಿಗೂ ಒಂದು ಮಾತು ಹೇಳಿಡಿ. ‘ನಿಮ್ಮ ಮಗ ಕಳಿಸಿದ ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಂಡಿದೆ, ಅದರಲ್ಲಿ ಡ್ರಗ್ಸ್ ಇದೆ’ ಅಂತ ಹೆದರಿಸುವ ಫೋನ್ ಬಂದರೆ ಇಟ್ಟುಬಿಡಲಿ. ದುಡ್ಡು ಹೋಗಿಯೇ ಬಿಟ್ಟಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡಲಿ. ಇಲ್ಲಿ ನಿಮಗೂ ಬರುತ್ತದೆ, ‘ಪಾರ್ಸೆಲ್ ಬಿಡಿಸಲು ಎರಡು ಯೂರೋ ಕಟ್ಟಿ’ ಅಂತ ಎಸ್‌ಎಂಎಸ್, ಜೊತೆಗೊಂದು ಲಿಂಕು. ಒತ್ತಬೇಡಿ.

ಪ್ರಶ್ನೆ: ಇಲ್ಲಿ ಆನ್‌ಲೈನ್‌ನಲ್ಲಿ ಸಿಗುವ ಬ್ಲೆಂಡರ್‌ಗಳಲ್ಲಿ ದೋಸೆಹಿಟ್ಟು ನುಣ್ಣಗಾಗುವುದಿಲ್ಲ. ಊರಿಂದ ಮಿಕ್ಸಿ ತಂದರೆ ಓಡುತ್ತದಾ? ಅಮೆರಿಕದಲ್ಲಿರುವ ತಂಗಿ ತಗೊಂಡು ಹೋದ ಮಿಕ್ಸಿ ಅಲ್ಲಿ ತಿರುಗಲೇ ಇಲ್ಲವಂತೆ. (ಎರ್ಲಾಂಗೆನ್)

ಓಡುತ್ತದೆ. ಜರ್ಮನಿಯಲ್ಲೂ ನಮ್ಮಲ್ಲೂ 230 ವೋಲ್ಟ್, 50 ಹರ್ಟ್ಜ್. ಅಮೆರಿಕದಲ್ಲಿ 120 ವೋಲ್ಟ್, ಅಲ್ಲಿಗೆಂದೇ ಮಾಡಿದ 110 ವೋಲ್ಟಿನ ಮಿಕ್ಸಿಗಳು ಬೇರೆ ಇವೆ, ತಂಗಿಗೆ ಅದನ್ನು ಹುಡುಕಲು ಹೇಳಿ. ನಿಮಗೆ ಬೇಕಾದ್ದು ಪ್ಲಗ್ಗಿಗೆ ಒಂದು ಅಡಾಪ್ಟರ್ ಮಾತ್ರ, ಅರ್ಥ್ ಇರುವಂಥದ್ದೇ ತಗೊಳ್ಳಿ, ಎರಡು ಕಡ್ಡಿಯ ಅಗ್ಗದ್ದು ಬೇಡ. ಊರಿನ ವಾರಂಟಿ ಇಲ್ಲಿ ನಡೆಯುವುದಿಲ್ಲ, ಜಾರು ರಬ್ಬರು ಒಂದೊಂದು ಜಾಸ್ತಿ ತನ್ನಿ.

ರುಬ್ಬುವುದನ್ನು ಶನಿವಾರ ಹಗಲಲ್ಲೇ ಮುಗಿಸಿ. ರಾತ್ರಿ ಹತ್ತರ ಮೇಲೆ ಮತ್ತು ಭಾನುವಾರ ಇಡೀ ದಿನ ಇಲ್ಲಿ ಸದ್ದು ಮಾಡುವ ಹಾಗಿಲ್ಲ. ಮಿಕ್ಸಿ ಶಬ್ದ ಕೆಳಮನೆಗೆ ಚೆನ್ನಾಗಿ ಕೇಳುತ್ತದೆ, ನೀವಿಲ್ಲದಾಗ ನಿಮ್ಮ ಪಾರ್ಸೆಲ್ ತೆಗೆದಿಟ್ಟುಕೊಳ್ಳುವವರೂ ಅವರೇ.